ಮಿಲಿಟರಿ ಕಾನ್ಫರೆನ್ಸ್ ಹಾಲ್‌ಗೆ ಎವಿ ಹಾಕಿದ ನನ್ನ ಅನುಭವ

ನಾನು ಬೆಂಗಳೂರಲ್ಲಿ ಎವಿ ಇಂಟಿಗ್ರೇಷನ್, ಅಂದ್ರೆ ಹಾಲುಗಳಿಗೆ ಮೈಕು, ಸ್ಪೀಕರು, ಸ್ಕ್ರೀನು ಜೋಡ್ಸಿಕೊಡೋ ಕೆಲಸ ಮಾಡೋನು. ಐಟಿ ಕಂಪನಿ ಬೋರ್ಡ್ ರೂಮು, ಕಾಲೇಜ್ ಆಡಿಟೋರಿಯಂ, ಹೋಟೆಲ್ ಬ್ಯಾಂಕ್ವೆಟ್ ಹಾಲು, ಇವೇ ನಮ್ಮ ದಿನನಿತ್ಯದ ಕೆಲಸ. ಮಧ್ಯದಲ್ಲಿ ಉತ್ತರದ ಕಡೆ ಒಂದು ಕಂಟೋನ್ಮೆಂಟಲ್ಲಿ ಮಿಲಿಟರಿಯವರ ಕಾನ್ಫರೆನ್ಸ್ ಸೆಂಟರ್ ಮಾಡ್ಕೊಟ್ವಿ. ಯಾವ ಊರು, ಸೇನೆಯ ಯಾವ ತುಕಡಿ ಅಂತ ಕೇಳ್ಬೇಡಿ, ಹೇಳಲ್ಲ. ಲೈನಿಗೆ ಹೊಸದಾಗಿ ಬಂದಿರೋ ಹುಡುಗ್ರು ಈ ಥರದ ಟೆಂಡರ್ ಬಂದಾಗ ಫೋನ್ ಮಾಡಿ ಕೇಳ್ತಿರ್ತಾರೆ, ಅವರಿಗೋಸ್ಕರ ಬರೀತಿದೀನಿ. ಬರೆದಿರೋದೆಲ್ಲ ಡೇಟಾಶೀಟಲ್ಲಿ ಸಿಗೋ ವಿಷಯಾನೇ, ಗುಟ್ಟೇನಿಲ್ಲ.

ಮಾಮೂಲಿ ಹಾಲಲ್ಲಿ ಕೂತೋರಿಗೆ ಚೆನ್ನಾಗಿ ಕೇಳಿಸಿ ಕಾಣಿಸಿದ್ರೆ ಬಿಲ್ ಪಾಸು. ಇಲ್ಲಿ ಒಳಗಿಂದು ಹೊರಗೆ ಹೋಗ್ಬಾರ್ದು ಅನ್ನೋದೇ ಅರ್ಧ ಕೆಲಸ, ಮತ್ತೆ ಆ ಅರ್ಧ ನಮ್ಮ ಬಿಒಕ್ಯೂನಲ್ಲಿ (ಟೆಂಡರಿನ ಸಾಮಾನು-ಕೆಲಸದ ಪಟ್ಟಿ) ಇರೋದೇ ಇಲ್ಲ, ಬಾಗಿಲು ಗೋಡೆ ಎಸಿ ಡಕ್ಟು ಎಲ್ಲ ಸಿವಿಲ್ ಕಂಟ್ರಾಕ್ಟರ್ ಕೈಲಿರತ್ತೆ. ಮೈಕ್ ಸ್ಪೀಕರ್ ಇರೋ ಸೆಕ್ಯೂರ್ ರೂಮಿಗೆ ಗೋಡೆ ಬಾಗಿಲು ಎಸ್‌ಟಿಸಿ (ಶಬ್ದ ಎಷ್ಟು ತಡೆಯತ್ತೆ ಅನ್ನೋ ಅಳತೆ) 50 ಇರ್ಬೇಕು, ಬರೀ ಬಾಯಲ್ಲಿ ಮಾತಾಡೋ ರೂಮಾದ್ರೆ 45 ಸಾಕು ಅನ್ನೋದು ಅಮೆರಿಕದವರ ಲೆಕ್ಕ, ನಾನು ಅದನ್ನೇ ಹಿಡ್ಕೊಂಡಿದ್ದೆ. ಗೋಡೆ ದಪ್ಪ ಕಾಂಕ್ರೀಟು, ತೊಂದ್ರೆ ಇರ್ಲಿಲ್ಲ. ಬಾಗಿಲು ಮಾತ್ರ ನೋಡೋಕೆ ತೇಗದ್ದು, ಕೆಳಗಡೆ ಬೆರಳು ತೂರೋಷ್ಟು ಸಂದಿ. ಎಲ್ಇಡಿ ವಾಲ್‌ಗೆ ಅಷ್ಟು ದುಡ್ಡು ಸುರಿದು ಬಾಗಿಲಿಗೆ ಸೀಲ್ ಹಾಕ್ಸಲ್ಲ ಅಂದ್ರೆ ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅಂದ ಹಾಗೆ. ಸುತ್ತ ರಬ್ಬರ್ ಗ್ಯಾಸ್ಕೆಟು, ಕೆಳಗೆ ಬಾಗಿಲು ಮುಚ್ಚಿದಾಗ ತಾನಾಗೇ ಇಳಿಯೋ ಡ್ರಾಪ್ ಸೀಲು ಹಾಕ್ಸಿದ್ವಿ.

ಆಮೇಲೆ ಟೆಸ್ಟು. ಒಳಗೆ ಸ್ಪೀಕರಲ್ಲಿ ಪಿಂಕ್ ನಾಯ್ಸ್ (ಟೆಸ್ಟಿಗೆ ಬಳಸೋ ಒಂದೇ ಸಮನಾದ ಶಬ್ದ) ಬಿಟ್ಟು ಹೊರಗೆ ಮೀಟರ್ ಹಿಡ್ಕೊಂಡು ಒಂದು ಸುತ್ತು ಹಾಕಿದ್ವಿ, ಕಾರಿಡಾರ್ ಕಡೆ ಎಲ್ಲ ಓಕೆ. ಆದ್ರೂ ಮನುಷ್ಯನ ಕಿವಿಲೂ ಒಂದ್ಸಲ ನೋಡೋಣ ಅಂತ ನಮ್ಮ ಹುಡುಗನ್ನ ಮೈಕ್ ಮುಂದೆ ಕೂರ್ಸಿದೆ, ಏನ್ ಹೇಳ್ಲಿ ಸರ್ ಅಂದ, ಮಗ್ಗಿ ಹೇಳೋ ಅಂದೆ. ಸಿಗ್ನಲ್ಸ್‌ನಲ್ಲಿ (ಸೇನೆಯ ಸಂಪರ್ಕ ವಿಭಾಗ) ಗದಗ ಕಡೆಯ ಹವಾಲ್ದಾರ್ ಒಬ್ರು ನಮ್ಮ ಜೊತೆ ಡ್ಯೂಟಿಲಿದ್ರು, ಅವ್ರು ಪ್ಯಾಂಟ್ರಿಯಿಂದ ತಲೆ ಹೊರಗ್ ಹಾಕಿ, "ಸರ, ಇಲ್ಲೆ ಬಂದು ನಿಂದರ್ರಿ, ಹದಿನೇಳ್ ನಾಕ್ಲಿ ಅರವತ್ತೆಂಟು ಸ್ವಚ್ಛ ಕೇಳಸ್ತೈತ್ರಿ" ಅಂದ್ರು. ಹೋಗಿ ನಿಂತ್ರೆ ನಿಜ, ಹಾಲಿನ ಎಸಿ ಡಕ್ಟೇ ಪ್ಯಾಂಟ್ರಿಗೂ ಬಂದಿದೆ, ತಗಡಿನ ಡಕ್ಟಲ್ಲಿ ಮಾತು ಸಲೀಸಾಗಿ ಹರ್ಕೊಂಡು ಬರ್ತಿದೆ. ಡಕ್ಟ್ ಒಳಗೆ ಸೌಂಡ್ ಲೈನಿಂಗ್ ಮಾಡ್ಸಿ, ಎರಡು ಕಡೆ ತಿರುವು ಕೊಟ್ಟು, ಒಂದು ಸೈಲೆನ್ಸರ್ ಕೂರ್ಸಿ, ಪ್ಯಾಂಟ್ರಿ ಸೀಲಿಂಗಲ್ಲಿ ಮಾಸ್ಕಿಂಗ್ ಸ್ಪೀಕರ್ ಹಾಕಿದ್ವಿ, ಅದ್ರಲ್ಲಿ ಸದಾ ಒಂದೇ ಸಮ ಸುಯ್ ಅಂತ ಶಬ್ದ ಬರ್ತಿರತ್ತೆ, ಅಲ್ಪಸ್ವಲ್ಪ ಬಂದ ಮಾತೂ ಅದ್ರಲ್ಲಿ ಮುಚ್ಚಿಹೋಗತ್ತೆ. ಕಿಟಕಿ ಗಾಜಿಗೂ ಅದೇ ಥರ ಅದುರೋ ಟ್ರಾನ್ಸ್‌ಡ್ಯೂಸರ್ ಅಂಟ್ಸೋದು, ಯಾಕಂದ್ರೆ ಗಾಜಿನ ಅದುರಾಟನ ದೂರದಿಂದ ಲೇಸರ್ ಬಿಟ್ಟು ಓದ್ಬೋದು.

ಕೇಬಲ್ ವಿಷಯಕ್ಕೆ ಬಂದ್ರೆ ಇಲ್ಲಿ ರೆಡ್ ಬ್ಲ್ಯಾಕ್ ಅಂತ ಎರಡು ಜಾತಿ. ಎನ್‌ಕ್ರಿಪ್ಟ್ ಆಗದೇ ಇರೋ ಗುಪ್ತ ಮಾಹಿತಿ ಹರಿಯೋ ಲೈನು ರೆಡ್, ಎನ್‌ಕ್ರಿಪ್ಟ್ ಆದ್ಮೇಲಿಂದು ಅಥವಾ ಮಾಮೂಲಿದು ಬ್ಲ್ಯಾಕ್. ಎರಡಕ್ಕೂ ಬೇರೆ ಟ್ರೇ, ಬೇರೆ ರ‍್ಯಾಕು, ಅಕ್ಕಪಕ್ಕ ಉದ್ದಕ್ಕೆ ಓಡಿಸ್ಬಾರ್ದು, ದಾಟ್ಲೇಬೇಕು ಅಂದ್ರೆ ಅಡ್ಡಡ್ಡ ತೊಂಬತ್ತು ಡಿಗ್ರಿಲಿ ದಾಟ್ಸೋದು. ತಾಮ್ರದ ಕೇಬಲ್ಲು ಆಂಟೆನಾ ಥರ ಸಿಗ್ನಲ್ ಚೆಲ್ಲತ್ತೆ, ವಿಮ್ ವಾನ್ ಎಕ್ ಅನ್ನೋ ಡಚ್ ಇಂಜಿನಿಯರ್ 1985ರಲ್ಲೇ ಟಿವಿ ಸೆಟ್ಟು, ಆಂಟೆನಾ ಇಟ್ಕೊಂಡು ದೂರದ ಮಾನಿಟರ್ ಮೇಲಿನ ಚಿತ್ರ ಓದಿ ತೋರ್ಸಿದ್ದ. ಅದಕ್ಕೇ ವಿಡಿಯೋ ಪೂರ್ತಿ ಫೈಬರ್ ಮಾಡಿದ್ವಿ. ಅದ್ರಿಂದ ಇನ್ನೊಂದು ಲಾಭ, ಅರ್ತಿಂಗ್ ವ್ಯತ್ಯಾಸಕ್ಕೆ ಬರೋ ಆ ದರಿದ್ರ ಹಮ್ಮಿಂಗೂ ಇಲ್ಲ.

ಫೈಬರ್‌ಗೆ ಮ್ಯಾಪೂ ಒಂದು ಕಾರಣ. ಇವರ ಪ್ರೆಸೆಂಟೇಷನ್ನಲ್ಲಿ ಪೈ ಚಾರ್ಟ್ ಇರಲ್ಲ, ಮ್ಯಾಪ್ ಇರತ್ತೆ, ಅದ್ರಲ್ಲಿ ಕೂದಲೆಳೆಯಂಥ ಕಂದು ಬಣ್ಣದ ಕಾಂಟೂರ್ ಲೈನು (ಒಂದೇ ಎತ್ತರದ ಜಾಗ ಸೇರಿಸೋ ಗೆರೆ), ಕೆಂಪು ನೀಲಿ ಸಣ್ಣಕ್ಷರ. ನೆಟ್‌ವರ್ಕ್ ಥರದ ತಾಮ್ರದ ಕೇಬಲಲ್ಲಿ ವಿಡಿಯೋ ಕಳಿಸೋ ಎಚ್‌ಡಿಬೇಸ್‌ಟಿ 2.0 ಹಿಡಿಸೋದು ಸೆಕೆಂಡಿಗೆ 10.2 ಗಿಗಾಬಿಟ್, 4ಕೆ 60 ಹರ್ಟ್ಸ್ 4:4:4ಗೆ (ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣ) ಎಚ್‌ಡಿಎಂಐ 2.0ರ 18 ಗಿಗಾಬಿಟ್ ಬೇಕು. ಹಾಗಾಗಿ 4:2:0 ಮಾಡಿ ಕಳಿಸ್ತಾರೆ, ಅಂದ್ರೆ ನಾಲ್ಕು ಪಿಕ್ಸೆಲ್ ಸೇರಿ ಒಂದೇ ಬಣ್ಣದ ಸ್ಯಾಂಪಲ್. ಸಿನಿಮಾ ಹಾಕಿದ್ರೆ ಗೊತ್ತೇ ಆಗಲ್ಲ, ಮ್ಯಾಪ್ ಹಾಕಿದ್ರೆ ಕಾಂಟೂರೆಲ್ಲ ಕಲಸಿ ಹೋಗತ್ತೆ. ಡೆಮೋ ಕೊಡೋವಾಗ ವೆಂಡರ್‌ಗಳು ಹೂವು, ನವಿಲು ತೋರಿಸ್ತಾರೆ, ನೀವು ಮ್ಯಾಪ್ ಹಾಕ್ಸಿ ನೋಡಿ.

ಸಾಹೇಬ್ರೊಬ್ರು ಕೇಳಿದ್ರು, ದಿಲ್ಲಿ ಹೋಟೆಲಲ್ಲಿ ಬಟನ್ ಒತ್ತಿದ್ರೆ ಲ್ಯಾಪ್‌ಟಾಪಿಂದ ಸ್ಕ್ರೀನಿಗೆ ವೈರ್ ಇಲ್ದೇ ಬರತ್ತಲ್ಲ, ನಮಗ್ಯಾಕೆ ಇಲ್ಲ ಅಂತ. ನಾನು ಬಾಯಿ ಬಿಡೋ ಮುಂಚೆನೇ ಅವರ ಸಿಗ್ನಲ್ಸ್ ಆಫೀಸರ್ ಗಂಟಲು ಸರಿಮಾಡ್ಕೊಂಡ್ರು, ಮಾತು ಅಲ್ಲಿಗೇ ಮುಗೀತು. ವೈಫೈ, ಬ್ಲೂಟೂತ್ ಹೆಸರೇ ಎತ್ತಂಗಿಲ್ಲ, ಮತ್ತೆ ಕೇಳದೇನೇ ಒಳಗೆ ಬಂದು ಕೂತಿರೋ ರೇಡಿಯೋ ಚಿಪ್‌ಗಳ ಬಗ್ಗೆ ಹುಷಾರು. ಟಚ್ ಪ್ಯಾನೆಲ್ ವೈರ್ಡೇ ಆಗಿರತ್ತೆ, ಆದ್ರೆ ಒಳಗೆ ಬ್ಲೂಟೂತ್, ಒಂದು ಮೈಕು ಇರತ್ತೆ, ಸಾಫ್ಟ್‌ವೇರಲ್ಲಿ ಆಫ್ ಮಾಡ್ಬೋದು ಅಂದ್ರೆ ಒಪ್ಪಲ್ಲ, ಚಿಪ್ಪೇ ಇಲ್ಲದ ಮಾಡೆಲ್ ತರ್ಸ್ಬೇಕು. ಮೈಕೆಲ್ಲ ವೈರ್ಡ್ ಗೂಸ್‌ನೆಕ್ (ಬಗ್ಗಿಸೋ ಕತ್ತಿನ ಟೇಬಲ್ ಮೈಕು). ಎದ್ದು ಓಡಾಡ್ಕೊಂಡು ಮಾತಾಡೋರಿಗೆ ಇನ್ಫ್ರಾರೆಡ್ ಮೈಕು, ಬೆಳಕು ಗೋಡೆ ದಾಟಲ್ಲ, ಆದ್ರೆ ಗಾಜು ದಾಟತ್ತೆ, ಅದಕ್ಕೆ ದಪ್ಪ ಪರದೆ ಕಂಪಲ್ಸರಿ. ವಿಸಿ (ವಿಡಿಯೋ ಕಾನ್ಫರೆನ್ಸ್) ಕ್ಯಾಮರಾಗೆ, ಕಾಲ್ ನಡೆಸೋ ಕೋಡೆಕ್ ಪೆಟ್ಟಿಗೆಗೆ ಸ್ಕ್ರೀನ್ ಮೇಲಿನ ಮ್ಯೂಟ್ ಸಾಲಲ್ಲ, ರಿಲೇ ಹಾಕಿ ಪವರ್ರೇ ಕಟ್ಟಾಗೋ ಹಾಗೆ ಮಾಡಿ, ವಿಸಿ ಆನ್ ಇದ್ರೆ ಹಾಲೊಳಗೆ ಎಲ್ಲರ ಕಣ್ಣಿಗೆ ಬೀಳೋ ಕೆಂಪು ದೀಪ ಕೊಟ್ವಿ.

ಕೆವಿಎಂ ಸ್ವಿಚ್ (ಒಂದೇ ಕೀಬೋರ್ಡ್, ಮೌಸ್, ಮಾನಿಟರಲ್ಲಿ ಹಲವು ಕಂಪ್ಯೂಟರ್ ನಡೆಸೋ ಡಬ್ಬ) ಸೆಕ್ಯೂರ್ ಟೈಪೇ ಬೇಕು, ಕೀಬೋರ್ಡ್ ಡೇಟಾ ಒಂದೇ ದಿಕ್ಕಿಗೆ ಹೋಗತ್ತೆ, ಪೆನ್‌ಡ್ರೈವ್ ಚುಚ್ಚಿದ್ರೆ ಕ್ಯಾರೇ ಅನ್ನಲ್ಲ. ಮಾನಿಟರಿನ ಇಡಿಐಡಿ (ನಾನು ಇಂಥ ರೆಸಲ್ಯೂಷನ್ ತೋರಿಸ್ಬಲ್ಲೆ ಅಂತ ಕಂಪ್ಯೂಟರಿಗೆ ಹೇಳೋ ಮಾಹಿತಿ) ಲೈನೂ ಕಂಪ್ಯೂಟರ್ ಕಡೆಗೆ ಬಿಡಲ್ಲ, ತಾನೇ ಒಂದು ಇಡಿಐಡಿ ಕೊಡತ್ತೆ, ಅದು ನಿಮ್ಮ ಎಲ್ಇಡಿ ಪ್ರೊಸೆಸರ್‌ಗೆ ಹೊಂದುತ್ತಾ ಅಂತ ಬೆಂಗಳೂರಲ್ಲೇ ಜೋಡ್ಸಿ ನೋಡ್ಕೊಂಡು ಹೊರಡಿ.

ಯಾಕಂದ್ರೆ ಸೈಟಲ್ಲಿ ಇಂಟರ್‌ನೆಟ್ ಇಲ್ಲ, ಫೋನು ಗೇಟಲ್ಲೇ ಬಿಡ್ಬೇಕು, ಪೆನ್‌ಡ್ರೈವ್ ಬಿಡಲ್ಲ. ಫರ್ಮ್‌ವೇರೆಲ್ಲ ಡಿವಿಡಿಗೆ ಬರ್ದು, ಮ್ಯಾನುವಲ್ ಪ್ರಿಂಟ್ ತಗೊಂಡು, ಸಾಫ್ಟ್‌ವೇರಿಗೆ ಆಫ್‌ಲೈನ್ ಲೈಸೆನ್ಸ್ ಮೊದ್ಲೇ ತಗೊಂಡು ಹೋಗ್ಬೇಕು. ಹುಡುಗರ ಪೊಲೀಸ್ ವೆರಿಫಿಕೇಷನ್, ಸ್ಕ್ರೂಡ್ರೈವರ್ ಸಮೇತ ಟೂಲ್ಸ್ ಲಿಸ್ಟು, ಇವೆಲ್ಲ ಟೈಮ್ ತಿನ್ನತ್ತೆ. ಪೇಪರ್ ಕೆಲಸದಲ್ಲಿ ಮುಖ್ಯ ಎಂದ್ರೆ ಕೇಂದ್ರ ಸರ್ಕಾರದ 2020ರ ಜುಲೈ 23ರ ಆರ್ಡರು, ಭಾರತದ ಜೊತೆ ಭೂಗಡಿ ಹಂಚ್ಕೊಂಡಿರೋ ದೇಶದ ಬಿಡ್ಡರ್ ಆದ್ರೆ ಮೊದ್ಲೇ ರಿಜಿಸ್ಟರ್ ಆಗಿರ್ಬೇಕು, ಮತ್ತೆ ಮೇಕ್ ಇನ್ ಇಂಡಿಯಾ ಕ್ಲಾಸ್ ಒನ್ ಸಪ್ಲೈಯರ್ ಅನ್ನಿಸ್ಕೊಳೋಕೆ ಲೋಕಲ್ ಕಂಟೆಂಟ್ ಕನಿಷ್ಠ ಶೇ. 50 ಇರ್ಬೇಕು.

ಹಾಲಲ್ಲಿ ಗೋಡೆಗೆ ಒಂದು ಮೆಮೆಂಟೋ ಕೂಡ ಇಲ್ವಲ್ಲ ಅಂತ ನಮ್ಮ ಹುಡುಗ್ರು ಕೇಳಿದ್ರು. 1945ರಲ್ಲಿ ಮಾಸ್ಕೋದ ಅಮೆರಿಕನ್ ರಾಯಭಾರಿ ಹ್ಯಾರಿಮನ್‌ಗೆ ಸೋವಿಯತ್ ಮಕ್ಕಳು ಮರದಲ್ಲಿ ಕೆತ್ತಿದ ಲಾಂಛನ ಕೊಟ್ಟಿದ್ರು, ಒಳಗೆ ಬ್ಯಾಟರಿನೂ ಇಲ್ದ ವೈರೂ ಇಲ್ದ ಬಗ್ (ಕದ್ದು ಕೇಳೋ ಸಾಧನ) ಇತ್ತು, ಹೊರಗಿಂದ ರೇಡಿಯೋ ಅಲೆ ಬಿಟ್ಟಾಗ ಮಾತ್ರ ಜೀವ ಬರೋದು, 1952ರ ತನಕ ಸಿಕ್ಕೇ ಇರ್ಲಿಲ್ಲ. ಈ ಕಥೆ ಕೇಳಿದ್ಮೇಲೆ ಯಾರೂ ಮತ್ತೆ ಮೆಮೆಂಟೋ ಮಾತೆತ್ತಲಿಲ್ಲ.

ಕೊನೇದಾಗಿ ರೇಟ್ ಹಾಕೋವಾಗ ಗಮನ ಇಡಿ. ರೆಕಾರ್ಡರ್ ಹಾರ್ಡ್ ಡಿಸ್ಕ್ ಕೆಟ್ರೆ ವಾರಂಟಿಲಿ ಹಳೇದು ಕೊಟ್ಟು ಹೊಸದು ತಗೊಳೋ ಪದ್ಧತಿ ಇಲ್ಲಿ ನಡೆಯಲ್ಲ, ಹಳೇ ಡಿಸ್ಕ್ ಗೇಟ್ ದಾಟಲ್ಲ, ಅಲ್ಲೇ ಪುಡಿ ಮಾಡ್ತಾರೆ. ಹಾಗಾಗಿ ಡಿಸ್ಕ್ ರಿಟೆನ್ಷನ್ (ಕೆಟ್ಟ ಡಿಸ್ಕ್ ವಾಪಸ್ ಕೊಡದೇ ಹೊಸದು ಪಡೆಯೋದು) ಅಂತ ಬೇರೆ ಲೈನ್ ಐಟಂ ಹಾಕಿ. ಎಲ್ಇಡಿ ವಾಲ್‌ಗೆ ಸ್ಪೇರ್ ಮಾಡ್ಯೂಲು ಅದೇ ಬ್ಯಾಚಿಂದು ಮೊದಲ ಆರ್ಡರಲ್ಲೇ ತರ್ಸಿ ಅಲ್ಲೇ ಸ್ಟೋರಲ್ಲಿಡಿ, ಬೇರೆ ಬ್ಯಾಚಿಂದು ಹಾಕಿದ್ರೆ ಬಿಳಿ ಸ್ಕ್ರೀನಲ್ಲಿ ಆ ಒಂದು ಚೌಕ ಮಾತ್ರ ಬೇರೆ ಬಣ್ಣ ಹೊಡೆಯತ್ತೆ, ಇನ್ಸ್‌ಪೆಕ್ಷನ್‌ಗೆ ಬಂದೋರ ಕಣ್ಣು ಮೊದ್ಲು ಹೋಗೋದೇ ಅಲ್ಲಿಗೆ.