‘ಉಎ ಓ ಮುಇತೆ ಅರುಕೋಓ’: ಮಡಿಕೇರಿಯ ಶಾಲಾ ವೃಂದಗಾನಕ್ಕೆ

ಕ್ಯು ಸಕಾಮೊಟೊ ಹಾಡಿದ, 1961ರ ಈ ಗೀತೆ 1963ರ ಜೂನ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು, ಅದೂ ಜಪಾನಿ ಭಾಷೆಯಲ್ಲೇ! ಹುಡುಕುವಾಗ ಅಮೆರಿಕದಲ್ಲಿ ಇದಕ್ಕಿಟ್ಟ ‘ಸುಕಿಯಾಕಿ’ ಎಂಬ ಹೆಸರು ಹಾಕಿದರೆ ಬೇಗ ಸಿಗುತ್ತದೆ.

ರಾಗಕ್ಕಿಂತ ಮೊದಲು ಉಚ್ಚಾರ ಕಲಿಸಿ. ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದು, ಒಂದೊಂದು ಹ್ರಸ್ವಕ್ಕೂ ಒಂದು ಚಪ್ಪಾಳೆ, ದೀರ್ಘಕ್ಕೆ ಎರಡು. ನಮ್ಮ ಮಕ್ಕಳು ತಪ್ಪುವುದು ಸ್ವರಗಳು ಪಕ್ಕಪಕ್ಕ ಬಂದಾಗ: ‘ಉಎ’ ‘ಉವೆ’ ಆಗುತ್ತದೆ, ‘ಮುಇತೆ’ ‘ಮುಯಿತೆ’ ಆಗುತ್ತದೆ. ಕನ್ನಡದ ಸಂಧಿಯ ಅಭ್ಯಾಸವೇ ಇದಕ್ಕೆ ಕಾರಣ. ನಿಧಾನವಾಗಿ ಬಿಡಿಸಿ ಹೇಳಿಸಿದರೆ ಸರಿಹೋಗುತ್ತದೆ.

ಮೊದಲ ಸಾಲುಗಳು ಸ ರಿ ಗ ಪ ದ ಸ್ವರಗಳಲ್ಲೇ ಸಾಗುತ್ತವೆ. ಮೋಹನ ರಾಗ ಬಲ್ಲವರಿಗೆ ಸುಲಭ. ಆದರೆ ಗಮಕ ಬೇಡವೇ ಬೇಡ, ಸ್ವರ ನೇರವಾಗಿ ನಿಲ್ಲಲಿ. ನಡುವಿನ ಭಾಗದಲ್ಲಿ ಗಿಟಾರ್ ಮೈನರ್ ಕಾರ್ಡ್‌ಗೆ (ವಿಷಾದದ ಛಾಯೆಯ ಸ್ವರಗುಚ್ಛಕ್ಕೆ) ಹೊರಳುತ್ತದೆ. ಅದನ್ನು ಬೇರೆಯಾಗಿಯೇ ಅಭ್ಯಾಸ ಮಾಡಿಸಿ.

ಹಾಡಿನಲ್ಲಿ ಬರುವ ಸಿಳ್ಳೆಗೆ ಇಬ್ಬರು ಸಾಕು, ಹೆಚ್ಚಾದರೆ ಶ್ರುತಿ ಚದುರುತ್ತದೆ. ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಮಳೆ ತಗಡಿನ ಮಾಡಿಗೆ ಬಡಿಯುವಾಗ ಸಿಳ್ಳೆ ಕೇಳಿಸದು. ಆಗ ಕೊಳಲಿಗೆ ಬಿಡಿ.