ಖಾತೆ ನಂಬರಿನ ಸೊನ್ನೆ ಎಲ್ಲಿ ಹೋಯ್ತು?

ನಮ್ಮೂರ ಸಂಘದ ಸದಸ್ಯರ ಪಟ್ಟಿ ಸಿಎಸ್‌ವಿ ಫೈಲ್‌ನಲ್ಲಿ ಬಂದಿತ್ತು (ಕಾಮಾ ಹಾಕಿ ಬೇರೆ ಮಾಡಿದ ಬರೀ ಅಕ್ಷರದ ಪಟ್ಟಿ ಅದು), ಅದನ್ನ ಸ್ಪ್ರೆಡ್‌ಶೀಟ್ ತಂತ್ರಾಂಶ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆಗೆದಾಗ ಬರೋ ಡೈಲಾಗ್ ಬಾಕ್ಸ್ ನೋಡದೇನೇ ಓಕೆ ಒತ್ತಿಬಿಟ್ಟೆ, ಅಲ್ಲೇ ಎಡವಟ್ಟಾಗಿದ್ದು. 0ಯಿಂದ ಶುರುವಾಗೋ ಖಾತೆ ನಂಬರ್‌ಗಳ ಸೊನ್ನೆ ಮಾಯ. ಏಪ್ರಿಲ್ 3 ಅಂತ ಇದ್ದ 03/04/2024 ಮಾರ್ಚ್ 4 ಆಗಿ ಕೂತಿತ್ತು, ಆದ್ರೆ 25/04/2024 ಮಾತ್ರ ಸೆಲ್‌ನ ಎಡಕ್ಕೆ ಅಂಟ್ಕೊಂಡಿತ್ತು. ಸುಳಿವು ಸಿಕ್ಕಿದ್ದೇ ಅದರಿಂದ: ಸಂಖ್ಯೆ, ದಿನಾಂಕ ಆದ್ರೆ ಬಲಕ್ಕೆ, ಬರೀ ಅಕ್ಷರ ಅಂದ್ಕೊಂಡ್ರೆ ಎಡಕ್ಕೆ. 25ನೇ ತಿಂಗಳು ಇಲ್ವಲ್ಲ, ತಿಂಗಳು ಮೊದ್ಲು ಬರೋ ಅಮೆರಿಕದ ಕ್ರಮದಲ್ಲಿ ಓದ್ತಿತ್ತು ಅದು!

ಮೊದ್ಲು ಸೆಲ್ ಫಾರ್ಮ್ಯಾಟ್‌ನ ಟೆಕ್ಸ್ಟ್ ಮಾಡಿ ನೋಡ್ದೆ, ಏನೂ ಪ್ರಯೋಜನ ಇಲ್ಲ, ಹೋದ ಸೊನ್ನೆ ಹೋದಂಗೇ. ಆಮೇಲೆ ಫೈಲ್ ಮುಚ್ಚಿ ಮತ್ತೆ ತೆಗೆದು, ಅದೇ ಬಾಕ್ಸ್‌ನ ಕೆಳಗೆ ಕಾಣೋ ಪಟ್ಟಿಯಲ್ಲಿ ಖಾತೆ ನಂಬರ್ ಕಾಲಂನ ತಲೆ ಮೇಲೆ ಕ್ಲಿಕ್ ಮಾಡಿ ಕಾಲಂ ಟೈಪ್ 'ಟೆಕ್ಸ್ಟ್' ಅಂತ ಕೊಟ್ಟೆ, ದಿನಾಂಕದ ಕಾಲಂಗೆ 'ಡೇಟ್ (ಡಿಎಂವೈ)', ಅಂದ್ರೆ ದಿನ-ತಿಂಗಳು-ವರ್ಷ, ಹೆಸರುಗಳು ಕನ್ನಡದಲ್ಲಿ ಇದ್ದಿದ್ರಿಂದ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನ ಓದೋ ಸಂಕೇತ ಪದ್ಧತಿ) ಯುಟಿಎಫ್-8. ಎಲ್ಲಾ ಸರಿಹೋಯ್ತು.

ಕೂಡೋದು ಕಳೆಯೋದು ಮಾಡದ ನಂಬರ್ ಸಂಖ್ಯೆನೇ ಅಲ್ಲ ಅನ್ನೋದು ನನ್ನ ಲೆಕ್ಕ. ಪಿನ್‌ಕೋಡ್, ಫೋನ್, ಖಾತೆ ಎಲ್ಲಾ ಟೆಕ್ಸ್ಟೇ, ಅದೂ ಅಲ್ದೆ ಸಂಖ್ಯೆ ಅಂತ ಇಟ್ರೆ 15 ಅಂಕಿ ದಾಟಿದ ಮೇಲೆ ಕೊನೆ ಅಂಕಿಗಳನ್ನ ನಂಬೋಹಾಗಿಲ್ಲ. ಒಂದೆರಡೇ ಇದ್ರೆ ನೇರ ಸೆಲ್‌ನಲ್ಲಿ ಮುಂದೆ ಒಂದು ಅಪಾಸ್ಟ್ರಫಿ ಹಾಕಿ ಟೈಪ್ ಮಾಡಿದ್ರೂ ಸಾಕು, '0123 ಅನ್ನೋ ಥರ.