ನಮ್ಮ ಪ್ರೆಸ್ಸಿನ ಕಂಪ್ಯೂಟರುಗಳನ್ನು ಡೆಬಿಯನ್ 13ಕ್ಕೆ ಏರಿಸಿದ್ದು

ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್, ಆಗಾಗ ಒಂದು ಸ್ಮರಣ ಸಂಚಿಕೆ ಅಥವಾ ಕವನ ಸಂಕಲನ ನಮ್ಮ ಕೆಲಸ. ಪುಟ ಜೋಡಿಸುವ ಕಂಪ್ಯೂಟರುಗಳಲ್ಲಿ ಡೆಬಿಯನ್ 12 ಇತ್ತು. ಡೆಬಿಯನ್ ಎಂದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ, ಲಿನಕ್ಸ್ ಆಧರಿಸಿದ ಉಚಿತ ಕಾರ್ಯಾಚರಣ ವ್ಯವಸ್ಥೆ. 2025ರ ಆಗಸ್ಟ್ 9ರಂದು ಡೆಬಿಯನ್ 13, ಅಂದರೆ ‘ಟ್ರಿಕ್ಸಿ’, ಬಿಡುಗಡೆಯಾಯಿತು. ಅಂದೇ ಹಾಕಿಕೊಳ್ಳುವ ಆಸೆ ಇದ್ದರೂ ತಡೆದುಕೊಂಡೆ. ಶ್ರಾವಣದಲ್ಲಿ ಪ್ರೆಸ್ಸಿಗೆ ಬಿಡುವಿರುವುದಿಲ್ಲ, ಅದು ಮುಗಿಯುವಷ್ಟರಲ್ಲಿ ಗಣೇಶ ಮಂಡಳಿಗಳ ಪಾವತಿ ಪುಸ್ತಕಗಳು ಬರುತ್ತವೆ. ಸೆಪ್ಟೆಂಬರ್ 6ರಂದು ಮೊದಲ ತಿದ್ದುಪಡಿ ಆವೃತ್ತಿ 13.1 ಬಂತು, ಹಿಂದೆಯೇ ಪಿತೃಪಕ್ಷವೂ ಬಂತು. ಪಕ್ಷದಲ್ಲಿ ಲಗ್ನಪತ್ರಿಕೆ ಹಾಕಿಸುವವರು ಇರುವುದಿಲ್ಲ. ನಮ್ಮ ಕಸುಬಿನವರಿಗೆ ಕಂಪ್ಯೂಟರ್ ಬಿಚ್ಚಿ ಕೂರಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಮೊದಲು ಮಾಡಿದ್ದು ಪ್ರತಿ ತೆಗೆದಿಡುವ ಕೆಲಸ. ಎಲ್ಲ ಫೈಲುಗಳನ್ನು ಹೊರಗಿನ ಡಿಸ್ಕಿಗೆ ಹಾಕಿದೆ. ಅಷ್ಟೇ ಸಾಲದು. ಅರ್ಧಕ್ಕೆ ನಿಂತಿರುವ ಪ್ರತಿ ಪುಸ್ತಕವನ್ನೂ ಹಳೆಯ ವ್ಯವಸ್ಥೆಯಲ್ಲೇ ಪಿಡಿಎಫ್ ಮಾಡಿಟ್ಟೆ. ತಂತ್ರಾಂಶ ಬದಲಾದಾಗ ಒಂದು ಸಾಲು ಅತ್ತಿತ್ತ ಸರಿದರೂ ಪುಟವೇ ಉರುಳಿಬಿಡುತ್ತದೆ. ಹಳೆಯ ಪಿಡಿಎಫ್ ಪಕ್ಕದಲ್ಲಿದ್ದರೆ ಹೊಸದನ್ನು ಅದರೊಂದಿಗೆ ಹೋಲಿಸಿ ನೋಡಬಹುದು. ಪ್ರೆಸ್ ನಡೆಸುವವರು ಬೇರೆ ಯಾವ ಹೆಜ್ಜೆ ಬಿಟ್ಟರೂ ಇದೊಂದನ್ನು ಬಿಡಬಾರದು.

ಏರಿಸುವ ಕೆಲಸ ಸುಲಭ. ಮೊದಲು ಡೆಬಿಯನ್ 12ರ ಬಾಕಿ ಪರಿಷ್ಕರಣೆಗಳನ್ನೆಲ್ಲ ಮುಗಿಸಿದೆ. ತಂತ್ರಾಂಶದ ಮೂಲಗಳ ಪಟ್ಟಿಯಲ್ಲಿ ಡೆಬಿಯನ್ 12ರ ಹೆಸರಾದ ‘ಬುಕ್‌ವರ್ಮ್’ ಎಂದಿದ್ದ ಕಡೆಯೆಲ್ಲ ‘ಟ್ರಿಕ್ಸಿ’ ಎಂದು ಬದಲಿಸಿದೆ. ಆಮೇಲೆ ಹೊಸ ಪ್ಯಾಕೇಜ್ ಸೇರಿಸದ ಸಣ್ಣ ಏರಿಕೆ, ಅದು ಮುಗಿದ ಮೇಲೆ ಪೂರ್ಣ ಏರಿಕೆ. ತಂತ್ರಾಂಶಗಳನ್ನು ಹಾಕುವ, ತೆಗೆಯುವ ಸಾಧನವಾದ ಹೊಸ ಆ್ಯಪ್ಟ್ 3.0 ಸೇರಿಸುವುದನ್ನು ಹಸಿರಿನಲ್ಲಿ, ತೆಗೆದುಹಾಕುವುದನ್ನು ಕೆಂಪಿನಲ್ಲಿ ತೋರಿಸುತ್ತದೆ. ಕೆಂಪು ಸಾಲುಗಳನ್ನು ಒಂದೊಂದಾಗಿ ಓದಿದ ನಂತರವೇ ಒಪ್ಪಿಗೆ ಕೊಟ್ಟೆ. ಕೆಳಗೆ ಮುದ್ರಣ ಯಂತ್ರ ಓಡುತ್ತಿರಲು ಮೇಲೆ ಇದು ನಡೆದುಹೋಯಿತು. ಮತ್ತೆ ಚಾಲೂ ಮಾಡಿದಾಗ ಲಿನಕ್ಸ್ 6.12 ತಿರುಳು (ಕರ್ನೆಲ್), ಎಕ್ಸ್‌ಎಫ್‌ಸಿಇ 4.20 ಡೆಸ್ಕ್‌ಟಾಪ್ ಪರದೆ ಬಂದವು. ಪ್ರಿಂಟರ್ ತಾನಾಗಿ ಕಾಣಿಸಿಕೊಂಡಿತು.

ನಮ್ಮಂಥವರು ಗಮನಿಸಬೇಕಾದ ಬದಲಾವಣೆ ಒಂದಿದೆ. ತಾತ್ಕಾಲಿಕ ಫೈಲುಗಳ ‘ಟಿಎಂಪಿ’ ಕಡತಕೋಶ ಈಗ ಡಿಸ್ಕಿನಲ್ಲಿ ಇರುವುದಿಲ್ಲ, ಮೆಮೊರಿಯಲ್ಲಿ ಇರುತ್ತದೆ. ಮೆಮೊರಿಯ ಅರ್ಧದವರೆಗೂ ಬೆಳೆಯಬಹುದು. ನಾಲ್ಕು ಜಿಬಿಯ ಕಂಪ್ಯೂಟರಿನಲ್ಲಿ ದೊಡ್ಡ ಫ್ಲೆಕ್ಸ್ ಚಿತ್ರ ತೆರೆದರೆ ಅದು ಬೇಗ ತುಂಬುತ್ತದೆ, ಕಂಪ್ಯೂಟರ್ ಆರಿಸಿದರೆ ಅಲ್ಲಿದ್ದದ್ದೆಲ್ಲ ಅಳಿಯುತ್ತದೆ. ಮೊದಲಿನಂತೆ ಡಿಸ್ಕಿಗೇ ಮರಳಿಸಲು ಒಂದು ಆದೇಶ ಸಾಕು. ಕಡಿಮೆ ಮೆಮೊರಿಯ ಯಂತ್ರದಲ್ಲಿ ಹಾಗೇ ಮಾಡಿದ್ದೇನೆ.

ಇಷ್ಟೆಲ್ಲ ಮಾಡಿದ್ದರ ಮುಖ್ಯ ಕಾರಣ ಸ್ಕ್ರೈಬಸ್ ಎಂಬ ಪುಟ ಕಟ್ಟುವ ಉಚಿತ ತಂತ್ರಾಂಶ. ಗದಗ-ಬೆಟಗೇರಿ ಮಗ್ಗ ಮತ್ತು ಮುದ್ರಣಕ್ಕೆ ಹೆಸರಾದ ಅವಳಿ ಊರು. ಇಲ್ಲಿ ಇಂದಿಗೂ 2001ರಲ್ಲಿ ಬಂದ ಪೇಜ್‌ಮೇಕರ್ 7.0ರಲ್ಲೇ ಪುಟ ಕಟ್ಟುವವರಿದ್ದಾರೆ. ಅದಕ್ಕೆ ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಯುನಿಕೋಡ್ ಕನ್ನಡ ಗೊತ್ತಿಲ್ಲ, ಆದ್ದರಿಂದ ನುಡಿ ತಂತ್ರಾಂಶದ ಹಳೆಯ ಫಾಂಟುಗಳನ್ನು ಬಿಡುವಂತಿಲ್ಲ. ಅಕ್ಷರಗಳನ್ನು ಸರಿಯಾಗಿ ಕೂಡಿಸುವ ಸಾಮರ್ಥ್ಯ ಸ್ಕ್ರೈಬಸ್‌ನ 1.5 ಸರಣಿಯಲ್ಲೇ ಬಂದಿತ್ತು. ಆದರೆ ಅದು ಪ್ರಾಯೋಗಿಕ ಸರಣಿ. ಡೆಬಿಯನ್ 13ರಲ್ಲಿ ಸ್ಥಿರವಾದ 1.6 ಇದೆ. ನಾನು ಮೊದಲು ಹಾಕಿ ನೋಡಿದ್ದು ಲಕ್ಕುಂಡಿಯ ಶಾಸನಗಳ ಕುರಿತ ಒಂದು ಪುಸ್ತಿಕೆಯನ್ನು, ಏಕೆಂದರೆ ಅದರಲ್ಲಿ ಹಳಗನ್ನಡದ ಱ ಮತ್ತು ೞ ಇವೆ. ನೋಟೋ ಸೆರಿಫ್ ಕನ್ನಡ ಫಾಂಟಿನಲ್ಲಿ ಎರಡೂ ಸರಿಯಾಗಿ ಮೂಡಿದವು. ರಾಷ್ಟ್ರ, ಸ್ತ್ರೀ, ಲಕ್ಷ್ಮಿ, ಕೈಂಕರ್ಯ ಎಂಬ ಪದಗಳನ್ನು ದೊಡ್ಡ ಅಳತೆಯಲ್ಲಿ ಜೋಡಿಸಿ ಅಚ್ಚು ತೆಗೆದೆ. ನಮ್ಮಲ್ಲಿ ಕರಡು ತಿದ್ದುವ ನಿವೃತ್ತ ಕನ್ನಡ ಮಾಸ್ತರರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, “ಒತ್ತಕ್ಷರಗಳು ಒಂದಕ್ಕೊಂದು ತಾಗಿಲ್ಲ, ಹೀಗೇ ಇರಲಿ ತಮ್ಮಾ” ಎಂದರು. ಅವರು ಒಪ್ಪಿದರೆ ನನಗೆ ಬೇರೆ ಪರೀಕ್ಷೆ ಬೇಕಾಗುವುದಿಲ್ಲ.

ಕಷ್ಟವಿರುವುದು ಗಿರಾಕಿಗಳು ತರುವ ಹಸ್ತಪ್ರತಿಯಲ್ಲಿ. ಹೆಚ್ಚಿನವರು ಹಳೆಯ ನುಡಿಯಲ್ಲೇ ಟೈಪ್ ಮಾಡಿಸಿ ತರುತ್ತಾರೆ, ಅದನ್ನು ಯುನಿಕೋಡಿಗೆ ಪರಿವರ್ತಿಸಲೇಬೇಕು. ಹಳೆಯ ಕ್ರಮದಲ್ಲಿ ಅರ್ಕಾವೊತ್ತನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇಡುತ್ತಾರೆ. ಯುನಿಕೋಡಿನಲ್ಲಿ ಉಚ್ಚಾರಣೆಯಂತೆ ಮೊದಲು ‘ರ್’, ಆಮೇಲೆ ಅಕ್ಷರ. ಪರಿವರ್ತಕ ಎಡವುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ ಪರಿವರ್ತಿಸಿದ ಪಠ್ಯದಲ್ಲಿ ಸೂರ್ಯ, ಕಾರ್ತಿಕ, ಧರ್ಮದಂಥ ಪದಗಳನ್ನು ಹುಡುಕಿ ಮೊದಲು ನೋಡುತ್ತೇನೆ, ಪೂರ್ತಿ ಕರಡು ಓದುವುದು ಆಮೇಲೆ. ಲಗ್ನಪತ್ರಿಕೆಯಲ್ಲಿ ಚಿ.ಕುಂ.ಸೌ.ಕಾಂ. ಮುಂದಿನ ಹೆಸರು ತಪ್ಪಿದರೆ ಬೀಗರ ಮುಂದೆ ನಿಲ್ಲಬೇಕಾದವರು ನಮ್ಮ ಗಿರಾಕಿಗಳು. ಹೊಸದಾಗಿ ಟೈಪ್ ಮಾಡುವುದಕ್ಕೆ ಐಬಸ್ ಎಂಬ ಟೈಪಿಂಗ್ ಸಾಧನದಲ್ಲಿ ಕೆಜಿಪಿ ಎಂಬ ಕೀಲಿಮಣೆ ವಿನ್ಯಾಸ ಹಾಕಿಕೊಂಡೆವು. ನುಡಿಯ ಕೀಲಿಮಣೆಯೂ ಅದೇ ಆದ್ದರಿಂದ ನಮ್ಮ ಆಪರೇಟರ್ ತಂಗಿಗೆ ಕೈ ಬದಲಿಸಬೇಕಾಗಲಿಲ್ಲ.

ಬಣ್ಣದ ವಿಷಯದಲ್ಲಿ ನನಗೆ ಪೂರ್ಣ ತೃಪ್ತಿಯಿಲ್ಲ. ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆದ ಬಾರ್ಡರುಗಳನ್ನು ನೇರವಾಗಿ ಪ್ಲೇಟಿಗೆ ಕಳಿಸುವುದಿಲ್ಲ. ಸ್ಕ್ರೈಬಸ್‌ಗೆ ತಂದು ಮುದ್ರಣದ ನಾಲ್ಕು ಬಣ್ಣಗಳಿಗೆ ಬದಲಿಸಿದ ಮೇಲೆಯೇ ಪಿಡಿಎಫ್ ಮಾಡುತ್ತೇನೆ. ಕೆಲಸ ಒಂದು ಹೆಜ್ಜೆ ಹೆಚ್ಚಾಗುತ್ತದೆ, ಆದರೆ ಕಪ್ಪು ಅಕ್ಷರ ಒಂದೇ ಪ್ಲೇಟಿನಲ್ಲಿ ಬರುತ್ತದೆ.

ಲೆಕ್ಕ ಬರೆಯುವ 32 ಬಿಟ್‌ನ ಹಳೆಯ ಕಂಪ್ಯೂಟರನ್ನು ಏರಿಸಲಿಲ್ಲ. ಅಂಥ ಯಂತ್ರಗಳಿಗೆ ಟ್ರಿಕ್ಸಿಯಲ್ಲಿ ತಿರುಳೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಡೆಬಿಯನ್ 12ಕ್ಕೆ ಭದ್ರತಾ ಪರಿಷ್ಕರಣೆಗಳು 2028ರವರೆಗೆ ಬರುತ್ತವೆ, ಅಲ್ಲಿಯವರೆಗೆ ಅದು ಅದರಲ್ಲೇ ನಡೆಯಲಿ. ನಮ್ಮ ಓಣಿಯ ಬೇರೆ ಪ್ರೆಸ್ಸಿನವರಲ್ಲಿ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಾಗ ಹೊಸ ಕಂಪ್ಯೂಟರ್ ಕೊಳ್ಳಬೇಕೇನೋ ಎಂದು ಚಿಂತಿಸುತ್ತಿದ್ದವರಿಗೆ ನಮ್ಮ ಯಂತ್ರಗಳನ್ನು ತೋರಿಸಿದೆ. ಇಬ್ಬರು ತಮ್ಮದೇ ಫೈಲ್ ತಂದು ಕೂತು ಪುಟ ಕಟ್ಟಿ ನೋಡಿದರು. ಕಾರ್ತಿಕದ ಲಗ್ನಸರಾಯಿ ಮುಗಿದ ಮೇಲೆ, ಧನುರ್ಮಾಸದಲ್ಲಿ, ಅವರಲ್ಲಿಗೆ ಹೋಗಿ ಹಾಕಿಕೊಡುವುದಾಗಿ ಮಾತಾಗಿದೆ.